ರಾಗಿ ಹೊಲದ ಮೇಲಿನ ಹುಲ್ಲುಹಾಸು

2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಒಂದು ಆದೇಶ ಹೊರಡಿಸಿತು. ಕುಡಿಯುವ ನೀರನ್ನು ಕೈತೋಟಕ್ಕೆ ಬಿಟ್ಟರೆ, ಕಾರು ತೊಳೆಯಲು ಬಳಸಿದರೆ 5,000 ರೂಪಾಯಿ ದಂಡ. ಮತ್ತೆ ಅದೇ ತಪ್ಪು ಮಾಡಿದರೆ ದಿನಕ್ಕೆ 500 ರೂಪಾಯಿ ಹೆಚ್ಚುವರಿ. ವೈಟ್‌ಫೀಲ್ಡ್, ಸರ್ಜಾಪುರ ರಸ್ತೆಯ ಕಡೆ ಕೊಳವೆಬಾವಿಗಳು ಬತ್ತಿ, ಅಪಾರ್ಟ್‌ಮೆಂಟುಗಳು ಟ್ಯಾಂಕರ್‌ಗಾಗಿ ಕಾಯುತ್ತಿದ್ದ ದಿನಗಳವು. ತೋಟದ ಕೆಲಸ ಮಾಡುವ ನಮ್ಮಂಥವರಿಗೆ ಆಗ ಎಲ್ಲ ಕಡೆಯಿಂದಲೂ ಬರುತ್ತಿದ್ದ ಪ್ರಶ್ನೆ ಒಂದೇ: "ಲಾನ್ ಹಳದಿಯಾಗ್ತಾ ಇದೆ, ಹೀಗೇ ಬಿಟ್ಟರೆ ಸತ್ತೋಗುತ್ತಾ?"

ಸಾಯುವುದಿಲ್ಲ. ಯಾಕೆ ಸಾಯುವುದಿಲ್ಲ ಎಂಬುದು ತಿಳಿದರೆ, ಈ ಭಾಗದ ತೋಟಗಳನ್ನು ವರ್ಷವಿಡೀ ಹೇಗೆ ನೋಡಿಕೊಳ್ಳಬೇಕು ಎಂಬುದೂ ಬಹುಪಾಲು ತಿಳಿದಂತೆಯೇ.

ಮೊದಲು ಹುಲ್ಲು ಎಷ್ಟು ನೀರು ಕುಡಿಯುತ್ತದೆ ನೋಡೋಣ. ಮಾರ್ಚ್, ಏಪ್ರಿಲ್‌ನ ಬಿಸಿಲಿಗೆ ನಮ್ಮಲ್ಲಿ ಹಸಿರಾಗಿರುವ ಹುಲ್ಲುಹಾಸಿನಿಂದ ದಿನಕ್ಕೆ ಸುಮಾರು 4 ಮಿಲಿಮೀಟರ್ ನೀರು ಆವಿಯಾಗುತ್ತದೆ. ಕೇಳಲು ಅಲ್ಪ ಅನ್ನಿಸಬಹುದು. ಆದರೆ ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಎಂದರೆ ಒಂದು ಲೀಟರ್. 1,000 ಚದರಡಿ ಎಂದರೆ ಸುಮಾರು 93 ಚದರ ಮೀಟರ್, ಅಂದರೆ ದಿನಕ್ಕೆ 370 ಲೀಟರ್. ನಗರದ ಒಬ್ಬ ನಿವಾಸಿಗೆ ದಿನಕ್ಕೆ 135 ಲೀಟರ್ ಎಂದು ನೀರು ಸರಬರಾಜಿನವರು ಲೆಕ್ಕ ಹಾಕುತ್ತಾರೆ. ಇಷ್ಟೇ ಇಷ್ಟು ಲಾನ್ ಹತ್ತಿರ ಹತ್ತಿರ ಮೂವರ ಪಾಲು ಕುಡಿಯುತ್ತದೆ. ತಿಂಗಳಿಗೆ 11,000 ಲೀಟರ್ ದಾಟುತ್ತದೆ. 6,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಹೆಚ್ಚುಕಡಿಮೆ ಎರಡು ಲೋಡು. ಇದರಲ್ಲಿ ಗಾಳಿಗೆ ಹಾರಿದ್ದು, ಸ್ಪ್ರಿಂಕ್ಲರ್ ರಸ್ತೆಗೆ ಎರಚಿದ್ದು ಸೇರಿಲ್ಲ.

ಇತ್ತ ಆಕಾಶ ಕೊಡುವುದೆಷ್ಟು? ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿ.ಮೀ. ಮಳೆ. ಅದರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಸೆಪ್ಟೆಂಬರ್ ಮತ್ತು ಅಕ್ಟೋಬರ್ ಎರಡೇ ತಿಂಗಳಲ್ಲಿ ಸುರಿಯುತ್ತದೆ. ಜನವರಿಯಿಂದ ಮಾರ್ಚ್ ಕೊನೆಯವರೆಗೆ ಸರಾಸರಿ 30 ಮಿ.ಮೀ. ಕೂಡ ಬರುವುದಿಲ್ಲ. ಆ ಮೂರು ತಿಂಗಳು ಹುಲ್ಲನ್ನು ಹಚ್ಚಹಸಿರಾಗಿ ಇಡಲು ಬೇಕಾದ್ದು 350 ಮಿ.ಮೀ.ಗೂ ಹೆಚ್ಚು. ಉಳಿದದ್ದು ನೆಲದಡಿಯಿಂದ ಬರಬೇಕು, ಇಲ್ಲವೇ ನೂರು ಕಿಲೋಮೀಟರ್ ದೂರದ ಕಾವೇರಿಯಿಂದ ಅರ್ಧ ಕಿಲೋಮೀಟರ್‌ನಷ್ಟು ಎತ್ತರಕ್ಕೆ ಪಂಪ್ ಮಾಡಿ ತರಬೇಕು.

ಹೊರದೇಶಗಳ ತೋಟಗಾರಿಕೆ ಪುಸ್ತಕಗಳು ವರ್ಷವನ್ನು ಚಳಿಯಿಂದ ಅಳೆಯುತ್ತವೆ. ಹಿಮ ಕರಗಿತೋ ಇಲ್ಲವೋ, ಮಣ್ಣು ಬೆಚ್ಚಗಾಯಿತೋ ಇಲ್ಲವೋ ಎಂಬುದೇ ಅಲ್ಲಿನ ಮಾತು. ಸಮುದ್ರಮಟ್ಟದಿಂದ 900 ಮೀಟರ್‌ಗೂ ಎತ್ತರದಲ್ಲಿದ್ದು, 13ನೇ ಅಕ್ಷಾಂಶದಲ್ಲಿರುವ ನಮಗೆ ಆ ಲೆಕ್ಕ ಹೊಂದುವುದಿಲ್ಲ. ಇಲ್ಲಿ ಅತಿ ಚಿಕ್ಕ ಹಗಲಿಗೂ ಅತಿ ದೊಡ್ಡ ಹಗಲಿಗೂ ಇರುವ ವ್ಯತ್ಯಾಸ ಒಂದೂವರೆ ಗಂಟೆ. ಡಿಸೆಂಬರ್, ಜನವರಿಯ ಇರುಳುಗಳಲ್ಲೂ ಉಷ್ಣಾಂಶ ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಹುಲ್ಲಿಗೆ ಅದು ಅಪಾಯದ ಚಳಿಯೇ ಅಲ್ಲ. ನಮ್ಮ ಮಣ್ಣಿಗೆ ಇರುವುದು ಎರಡೇ ಕಾಲ: ಹದ ಇರುವ ಕಾಲ, ಹದ ಇಲ್ಲದ ಕಾಲ.

ಈ ನೆಲದಲ್ಲಿ ಮೊದಲು ಬೇಸಾಯ ಮಾಡುತ್ತಿದ್ದವರಿಗೆ ಇದು ಚೆನ್ನಾಗಿ ಗೊತ್ತಿತ್ತು. ವೈಟ್‌ಫೀಲ್ಡ್ ಊರು ಹುಟ್ಟಿದ್ದೇ ಬೇಸಾಯಕ್ಕಾಗಿ. 1882ರಲ್ಲಿ ಡಿ. ಎಸ್. ವೈಟ್ ಮುಂದಾಳತ್ವದಲ್ಲಿ ಆಂಗ್ಲೋ-ಇಂಡಿಯನ್ ಕುಟುಂಬಗಳು ಉತ್ತು ಬಿತ್ತು ಬದುಕಲೆಂದು ಮೈಸೂರು ಅರಸರು ಕೊಟ್ಟ ಜಮೀನು ಅದು. ಎಲೆಕ್ಟ್ರಾನಿಕ್ ಸಿಟಿಗೆ 1970ರ ದಶಕದ ಕೊನೆಯಲ್ಲಿ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳಲ್ಲಿ 332 ಎಕರೆ ಹೊಂದಿಸಿತು. ಸುತ್ತಲಿನದೆಲ್ಲ ರಾಗಿ, ಅವರೆ, ಹುರುಳಿಯ ಸೀಮೆ. ಭರಣಿ, ಕೃತ್ತಿಕೆ ಮಳೆಗೆ ಉಳುಮೆ. ಪುನರ್ವಸು, ಪುಷ್ಯದ ಹೊತ್ತಿಗೆ ಬಿತ್ತನೆ. ಹಸ್ತ, ಚಿತ್ತೆಯ ಮಳೆಯಲ್ಲಿ ತೆನೆ ಕಟ್ಟಿ, ಮಾಗಿಯ ಚಳಿಗೆ ಕೊಯ್ಲು. ಅಲ್ಲಿಂದ ಮುಂದಿನ ಭರಣಿಯವರೆಗೆ ಹೊಲ ಖಾಲಿ. ಬೇಸಿಗೆಯಲ್ಲಿ ಈ ಕೆಮ್ಮಣ್ಣಿನ ಮೇಲೆ ಹಸಿರು ಬೇಕೆಂದು ಯಾರೂ ಹಟ ಹಿಡಿಯುತ್ತಿರಲಿಲ್ಲ.

ರಾಗಿಯ ಮಾತು ಸುಮ್ಮನೆ ತೆಗೆದದ್ದಲ್ಲ. ನಮ್ಮ ಲಾನುಗಳಲ್ಲಿ ಹಾಕುವ ಹುಲ್ಲು ಬಹುಮಟ್ಟಿಗೆ ಎರಡು ಬಗೆ. ಒಂದು, ಗಣೇಶನಿಗೆ ಏರಿಸುವ ಗರಿಕೆ ಮತ್ತು ಅದರ ಸುಧಾರಿತ ತಳಿಗಳು. ಇನ್ನೊಂದು, ನರ್ಸರಿಗಳಲ್ಲಿ ಮೆಕ್ಸಿಕನ್, ಕೊರಿಯನ್ ಎಂಬ ಹೆಸರಲ್ಲಿ ಚೌಕಚೌಕವಾಗಿ ಕತ್ತರಿಸಿ ಮಾರುವ ಜೊಯ್ಸಿಯಾ ಕುಲದ ಹುಲ್ಲು. ಸಸ್ಯಶಾಸ್ತ್ರದ ವಂಶವೃಕ್ಷದಲ್ಲಿ ಗರಿಕೆ, ಜೊಯ್ಸಿಯಾ ಮತ್ತು ರಾಗಿ ಮೂರೂ ಕ್ಲೋರಿಡಾಯಿಡೀ ಎಂಬ ಒಂದೇ ಉಪಕುಟುಂಬದ ಹತ್ತಿರದ ದಾಯಾದಿಗಳು. ಮೂರೂ ಸಿ-4 ಸಸ್ಯಗಳು. ಭತ್ತದಂಥ ಸಾಮಾನ್ಯ ಸಸ್ಯದ ಎಲೆಯಲ್ಲಿ ಇಂಗಾಲದ ಡೈಆಕ್ಸೈಡನ್ನು ಹಿಡಿಯುವ ಕಿಣ್ವ ಬಿಸಿಲೇರಿದಂತೆಲ್ಲ ತಪ್ಪಿ ಆಮ್ಲಜನಕವನ್ನು ಹಿಡಿಯತೊಡಗುತ್ತದೆ, ಶ್ರಮ ವ್ಯರ್ಥ. ಸಿ-4 ಸಸ್ಯಗಳು ಆ ಅನಿಲವನ್ನು ಮೊದಲು ಎಲೆಯ ನರದ ಸುತ್ತಲಿನ ಕೋಶಗಳಿಗೆ ಒತ್ತಿ ತುಂಬಿ, ಅಲ್ಲಿ ಆ ಕಿಣ್ವಕ್ಕೆ ಒಪ್ಪಿಸುತ್ತವೆ. ಹೀಗಾಗಿ ಎಲೆಯ ರಂಧ್ರಗಳನ್ನು ಅರೆಬರೆ ತೆರೆದರೂ ಕೆಲಸ ನಡೆಯುತ್ತದೆ, ಅಷ್ಟೇ ಬೆಳವಣಿಗೆಗೆ ಸುಮಾರು ಅರ್ಧದಷ್ಟು ನೀರು ಸಾಕಾಗುತ್ತದೆ.

ಆದರೆ ರಾಗಿ ವಾರ್ಷಿಕ ಬೆಳೆ, ಬೀಜ ಕಟ್ಟಿ ಮುಗಿಯಿತು. ಗರಿಕೆ ಬಹುವಾರ್ಷಿಕ. ನೀರು ನಿಂತಾಗ ಅದು ಎಲೆಗಳನ್ನು ಬಿಟ್ಟುಕೊಟ್ಟು, ಇದ್ದ ಸಕ್ಕರೆಯನ್ನೂ ಪಿಷ್ಟವನ್ನೂ ಬುಡಕ್ಕೆ ಮತ್ತು ಮಣ್ಣೊಳಗಿನ ಕಾಂಡಕ್ಕೆ ಎಳೆದುಕೊಂಡು ಸುಪ್ತಾವಸ್ಥೆಗೆ ಹೋಗುತ್ತದೆ. ನಮಗೆ ಕಾಣುವ ಹಳದಿ ಅದೇ. ಅನುಮಾನವಿದ್ದರೆ ಒಂದು ಗೆಣ್ಣನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ಬಿಳಿಯಾಗಿ, ಸ್ವಲ್ಪ ಪಸೆಯಾಗಿದ್ದರೆ ಜೀವವಿದೆ. ಕಂದುಬಣ್ಣಕ್ಕೆ ತಿರುಗಿ ಪುಡಿಯಾದರೆ ಮಾತ್ರ ಸತ್ತಿದೆ.

ಆದ್ದರಿಂದ ಬೇಸಿಗೆಗೆ ನನ್ನ ಸಲಹೆ: ನಡೆದಾಡುವ, ಮಕ್ಕಳು ಆಡುವ ಒಂದಿಷ್ಟು ಜಾಗ ಬಿಟ್ಟು ಉಳಿದ ಲಾನನ್ನು ಮಲಗಲು ಬಿಡಿ. ಬುಡ ಒಣಗದಂತೆ ಮೂರು ವಾರಕ್ಕೊಮ್ಮೆ 12 ಮಿ.ಮೀ.ನಷ್ಟು ನೀರು ಕೊಟ್ಟರೆ ಸಾಕು. 1,000 ಚದರಡಿಗೆ ಅದು 1,100 ಲೀಟರ್. ದಿನವೂ ಹಸಿರಾಗಿ ಇಡಲು ಹೊರಟರೆ ಅದೇ ಮೂರು ವಾರಕ್ಕೆ 7,800 ಲೀಟರ್ ಬೇಕು. ಮಲಗಿದ ಹುಲ್ಲಿನ ಮೇಲೆ ಹೆಚ್ಚು ಓಡಾಟ ಬೇಡ, ಗೊಬ್ಬರ ಬೇಡವೇ ಬೇಡ. ಹಸಿರಾಗಿ ಉಳಿಸಿಕೊಳ್ಳುವ ಜಾಗದಲ್ಲಿ ಕಟಾವಿನ ಎತ್ತರವನ್ನು 5 ಸೆಂ.ಮೀ.ಗೆ ಏರಿಸಿ. ಹುಲ್ಲಿನ ಎತ್ತರಕ್ಕೂ ಬೇರಿನ ಆಳಕ್ಕೂ ನೇರ ನಂಟಿದೆ: ಅರ್ಧಕ್ಕಿಂತ ಹೆಚ್ಚು ಎಲೆಯನ್ನು ಒಂದೇ ಸಲ ತೆಗೆದರೆ ಗಿಡ ತನ್ನ ಸಂಗ್ರಹವನ್ನೆಲ್ಲ ಹೊಸ ಎಲೆಗೆ ಸುರಿದು, ಬೇರು ಬೆಳೆಸುವುದನ್ನೇ ನಿಲ್ಲಿಸುತ್ತದೆ. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬಾರದು ಎಂಬ ಹಳೆಯ ನಿಯಮದ ಹಿಂದಿರುವ ಕಾರಣ ಇದು. ದಿನವೂ ಸಂಜೆ ಐದು ನಿಮಿಷ ಪೈಪ್ ಹಿಡಿಯುವುದಕ್ಕಿಂತ, ವಾರಕ್ಕೆ ಒಂದೆರಡು ಸಲ ಮುಂಜಾನೆ ಗೇಣುದ್ದ ಇಳಿಯುವಂತೆ ನೀರು ಕೊಟ್ಟರೆ ಬೇರು ಕೆಳಗಿಳಿಯುತ್ತದೆ.

ಇಲ್ಲಿ ಅಪಾರ್ಟ್‌ಮೆಂಟಿನವರು ಒಂದು ಮಾತು ಹೇಳುತ್ತಾರೆ. "ನಮ್ಮಲ್ಲಿ ಎಸ್‌ಟಿಪಿ ಇದೆ, ಸಂಸ್ಕರಿಸಿದ ನೀರು ಬೇಕಾದಷ್ಟು ಬರುತ್ತದೆ, ನಾವ್ಯಾಕೆ ಲಾನ್ ಒಣಗಿಸಬೇಕು?" ಸರಿಯಾದ ಪ್ರಶ್ನೆಯೇ. ದೊಡ್ಡ ಸಮುಚ್ಚಯಗಳು ತಮ್ಮ ಕೊಳಚೆಯನ್ನು ತಾವೇ ಶುದ್ಧೀಕರಿಸಬೇಕೆಂಬ ನಿಯಮದಿಂದಾಗಿ ಈ ಭಾಗದ ತೋಟಗಳಿಗೆ ಅಂಥ ನೀರು ಸಿಗುತ್ತಿದೆ, ಅದನ್ನು ತೋಟಕ್ಕೆ ಬಳಸುವುದು ಒಳ್ಳೆಯದೇ. ಆದರೆ ಆ ನೀರಿನಲ್ಲಿ ಏನಿದೆ ಎಂದು ನೋಡದೆ ಬಿಡುವುದು ತಪ್ಪು. ಕಳೆದ ಕೆಲವು ವರ್ಷಗಳಲ್ಲಿ ನಾನು ಕಂಡ ಹಾಳಾದ ಲಾನುಗಳಲ್ಲಿ ಹೆಚ್ಚಿನವು ನೀರಿಲ್ಲದೆ ಕೆಟ್ಟವಲ್ಲ, ಈ ನೀರಿನಿಂದಲೇ ಕೆಟ್ಟವು.

ನಡೆಯುವುದು ಹೀಗೆ. ಇಲ್ಲಿನ ಕೊಳವೆಬಾವಿ ನೀರು ಗಡಸು, ಅಂದರೆ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಹೆಚ್ಚು. ನಲ್ಲಿ, ಗೀಸರ್‌ಗಳಲ್ಲಿ ಬಿಳಿ ಪದರ ಕಟ್ಟುತ್ತದೆಂದು ಸಾಫ್ಟನರ್ ಹಾಕಿಸುತ್ತಾರೆ. ಸಾಫ್ಟನರ್ ಕ್ಯಾಲ್ಸಿಯಂ ಹಿಡಿದುಕೊಂಡು, ಒಂದೊಂದು ಕ್ಯಾಲ್ಸಿಯಂ ಅಯಾನಿಗೆ ಎರಡೆರಡು ಸೋಡಿಯಂ ಅಯಾನುಗಳನ್ನು ನೀರಿಗೆ ಬಿಡುತ್ತದೆ. ಅದನ್ನು ಆಗಾಗ ಉಪ್ಪುನೀರಿನಲ್ಲಿ ತೊಳೆಯಬೇಕು. ಹಲವೆಡೆ ಆ ತೊಳೆದ ನೀರೂ ಚರಂಡಿ ಸೇರಿ ಎಸ್‌ಟಿಪಿಗೇ ಬರುತ್ತದೆ. ಎಸ್‌ಟಿಪಿ ಕೊಳೆಯುವ ವಸ್ತುವನ್ನು ತೆಗೆಯುತ್ತದೆ, ಕರಗಿದ ಉಪ್ಪನ್ನು ತೆಗೆಯುವುದಿಲ್ಲ. ಹೀಗೆ ಕೊನೆಗೆ ತೋಟದ ಪೈಪಿಗೆ ಬರುವುದು ಸೋಡಿಯಂ ಹೆಚ್ಚಾಗಿ, ಕ್ಯಾಲ್ಸಿಯಂ ಕಡಿಮೆಯಾದ ನೀರು.

ಜೇಡಿಯ ಕಣಗಳ ಮೈಮೇಲೆ ಋಣ ವಿದ್ಯುದಂಶವಿದೆ. ಎರಡು ಧನಾಂಶವುಳ್ಳ ಕ್ಯಾಲ್ಸಿಯಂ ಎರಡು ಕಣಗಳ ನಡುವೆ ನಿಂತು ಅವನ್ನು ಹತ್ತಿರ ಹಿಡಿದಿಡುತ್ತದೆ. ಅದರಿಂದಲೇ ಮಣ್ಣು ಹರಳು ಹರಳಾಗಿ, ನಡುವೆ ಗಾಳಿಗೂ ನೀರಿಗೂ ದಾರಿ ಬಿಟ್ಟು ಕೂರುತ್ತದೆ. ಆ ಜಾಗಕ್ಕೆ ಸೋಡಿಯಂ ಬಂದರೆ ಹಿಡಿತ ಸಡಿಲ. ಕಣಗಳು ಚದುರಿ, ನೀರಿನಲ್ಲಿ ತೇಲಿ, ಕೆಳಗಿನ ರಂಧ್ರಗಳಲ್ಲಿ ಕೂತು ಅವನ್ನು ಮುಚ್ಚುತ್ತವೆ. ಮೇಲ್ಪದರ ಒಣಗಿದಾಗ ಹೆಪ್ಪುಗಟ್ಟಿದಂತೆ ಗಟ್ಟಿ. ನೀರು ಬಿಟ್ಟರೆ ಇಂಗದೆ ನಿಲ್ಲುತ್ತದೆ, ಎರಡು ಇಂಚು ಕೆಳಗೆ ಮಣ್ಣು ಧೂಳಿನಂತೆ ಒಣಗಿಯೇ ಇರುತ್ತದೆ. ನೋಡಿದವರು ನೀರು ಸಾಲದೆಂದು ಇನ್ನಷ್ಟು ಅದೇ ನೀರು ಬಿಡುತ್ತಾರೆ. ನಮ್ಮ ಕೆಂಪು ಜೇಡಿ ಉತ್ತರ ಕರ್ನಾಟಕದ ಎರೆಮಣ್ಣಿಗಿಂತ ಇದನ್ನು ಹೆಚ್ಚು ತಾಳಿಕೊಳ್ಳುತ್ತದೆ ನಿಜ. ಆದರೆ ಕಟ್ಟಡ ಕಟ್ಟುವಾಗ ಮೇಲ್ಮಣ್ಣು ಕಳೆದುಕೊಂಡು, ಲಾರಿಗಳ ಓಡಾಟಕ್ಕೆ ಅದುಮಿ, ಸಾವಯವ ಅಂಶವೇ ಇಲ್ಲದ ಮಣ್ಣಿಗೆ ಆ ತಾಳಿಕೆ ಉಳಿದಿರುವುದಿಲ್ಲ.

ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಲಾನಿನ ಮೇಲ್ಪದರದಿಂದ ಕಡಲೆಕಾಳಿನ ಗಾತ್ರದ ನಾಲ್ಕಾರು ಮಣ್ಣಿನ ಹೆಂಟೆಗಳನ್ನು ತೆಗೆದು ನೆರಳಲ್ಲಿ ಒಣಗಿಸಿ. ಗಾಜಿನ ಲೋಟದಲ್ಲಿ ಮಳೆನೀರು ಅಥವಾ ಆರ್‌ಒ ನೀರು ತುಂಬಿ, ಅಲುಗಾಡಿಸದೆ ಹೆಂಟೆಗಳನ್ನು ಮೆಲ್ಲಗೆ ಒಳಗಿಳಿಸಿ. ಹೆಂಟೆ ಹಾಗೇ ನಿಂತರೆ ಮಣ್ಣು ಚೆನ್ನಾಗಿದೆ. ಕೆಲವೇ ನಿಮಿಷಕ್ಕೆ ಕುಸಿದು ಚೂರಾಗಿ, ನೀರು ಮಾತ್ರ ತಿಳಿಯಾಗಿಯೇ ಉಳಿದರೆ ಸಾವಯವ ಅಂಶ ಸಾಲದು. ಕೊಟ್ಟಿಗೆ ಗೊಬ್ಬರ, ಎರೆಗೊಬ್ಬರ ಬೇಕು. ಎರಡು ಗಂಟೆಯ ಹೊತ್ತಿಗೆ ಹೆಂಟೆಯ ಸುತ್ತ ಕೆಂಪಗಿನ ಮಂಜು ಎದ್ದು ತಳದ ಉದ್ದಕ್ಕೂ ಹರಡಿದರೆ, ಮರುದಿನವೂ ಆ ಕದಡು ಇಳಿಯದಿದ್ದರೆ, ಅದು ಸೋಡಿಯಂನ ಕೆಲಸ. ಮಣ್ಣುವಿಜ್ಞಾನಿಗಳು ಪ್ರಯೋಗಾಲಯದಲ್ಲಿ ಮಾಡುವ ಪರೀಕ್ಷೆಯ ಸರಳ ರೂಪವಿದು. ನಲ್ಲಿಯ ಗಡಸು ನೀರಿನಲ್ಲಿ ಮಾಡಬಾರದು. ಅದರಲ್ಲಿನ ಕ್ಯಾಲ್ಸಿಯಂ ಕಣಗಳನ್ನು ಹಿಡಿದಿಟ್ಟು ರೋಗವನ್ನು ಮುಚ್ಚಿಡುತ್ತದೆ.

ಪರಿಹಾರ ಜಿಪ್ಸಮ್. ಅದರಲ್ಲಿರುವ ಕ್ಯಾಲ್ಸಿಯಂ ಜೇಡಿಯ ಮೇಲಿಂದ ಸೋಡಿಯಂ ಅನ್ನು ತಳ್ಳಿ ತಾನು ಕೂರುತ್ತದೆ, ತಳ್ಳಿಸಿಕೊಂಡದ್ದು ಮಳೆಯಲ್ಲಿ ಕೆಳಗಿಳಿದು ಹೋಗುತ್ತದೆ. 1,000 ಚದರಡಿಗೆ 15ರಿಂದ 20 ಕೆಜಿ ಸಾಕು. ಹಾಕುವ ಹೊತ್ತು ಮುಖ್ಯ: ಮೇ ತಿಂಗಳು, ಮುಂಗಾರು ಹಿಡಿಯುವ ಮೊದಲು. ಮಳೆ ಬಂದರೆ ಉಪ್ಪೆಲ್ಲ ತೊಳೆದು ಹೋಗುತ್ತದಲ್ಲ ಎಂದು ಕಾದು ಕೂತರೆ ಕೆಲಸ ಕೆಡುತ್ತದೆ. ಮಣ್ಣಿನ ನೀರಿನಲ್ಲಿ ಉಪ್ಪಿನಂಶ ಹೆಚ್ಚಿದ್ದಾಗ ಜೇಡಿಯ ಕಣಗಳು ಹೇಗೋ ಒಟ್ಟಿಗಿರುತ್ತವೆ. ಉಪ್ಪೇ ಇಲ್ಲದ ಮಳೆನೀರು ಬಿದ್ದು ಅದು ತೆಳುವಾದ ಕೂಡಲೇ ಸೋಡಿಯಂ ಹಿಡಿದ ಕಣಗಳು ಚದುರುತ್ತವೆ. ಬೇಸಿಗೆಯಲ್ಲಿ ಹೇಗೋ ಇದ್ದ ಲಾನು ಜೂನ್‌ನಲ್ಲಿ ಕೆಸರಾಗಿ ಹೆಪ್ಪುಗಟ್ಟುವುದರ ಗುಟ್ಟು ಇದು. ನೀರಿನ ವರದಿ ತರಿಸುವಾಗ ಪಿಎಚ್, ಟಿಡಿಎಸ್ ಜೊತೆಗೆ, ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂಗೆ ಹೋಲಿಸಿದರೆ ಸೋಡಿಯಂ ಎಷ್ಟಿದೆ ಎಂದು ತೋರಿಸುವ ಎಸ್‌ಎಆರ್ ಎಂಬ ಸಂಖ್ಯೆಯನ್ನೂ ಕೇಳಿ. 3ರ ಒಳಗಿದ್ದರೆ ಚಿಂತೆಯಿಲ್ಲ. 9 ದಾಟಿದ್ದರೆ ಸಾಫ್ಟನರ್ ತೊಳೆದ ನೀರನ್ನು ಎಸ್‌ಟಿಪಿಯಿಂದ ಬೇರ್ಪಡಿಸುವವರೆಗೆ ತೋಟ ಸುಧಾರಿಸದು.

ಅದೇ ನೀರಿನಲ್ಲಿ ಸಾರಜನಕವೂ ಇದೆ. ಲೀಟರಿಗೆ 10 ಮಿಲಿಗ್ರಾಂ ಎಂದಿಟ್ಟುಕೊಂಡರೂ ದಿನಕ್ಕೆ 370 ಲೀಟರ್ ಬಿಟ್ಟ ಲಾನಿಗೆ ತಿಂಗಳಿಗೆ 110 ಗ್ರಾಂ ಸಾರಜನಕ ಸೇರಿತು. ಒಂದು ಸಲಕ್ಕೆ 1,000 ಚದರಡಿಗೆ ಒಂದು ಕೆಜಿ ಯೂರಿಯಾ ಹಾಕುವ ವಾಡಿಕೆಯಿದೆಯಲ್ಲ, ಅದರಲ್ಲಿರುವುದು 460 ಗ್ರಾಂ. ನಾಲ್ಕು ತಿಂಗಳು ಎಸ್‌ಟಿಪಿ ನೀರು ಬಿಟ್ಟರೆ ಒಂದು ಕಂತು ಯೂರಿಯಾ ಹಾಕಿದಂತೆಯೇ. ಅದರ ಮೇಲೆ ತಿಂಗಳು ತಿಂಗಳೂ ಚೀಲ ಒಡೆಯುವುದು ಹುಲ್ಲಿನ ಎಲೆ ಮೆತ್ತಗಾಗಿ ಶಿಲೀಂಧ್ರಕ್ಕೆ ಆಹ್ವಾನ ಕೊಡುವುದಕ್ಕಷ್ಟೇ ಉಪಯೋಗ.

ನೆಲಮಾಳಿಗೆಯ ಪಾರ್ಕಿಂಗ್ ಮೇಲೆ ಮಾಡಿದ ಪೋಡಿಯಂ ತೋಟಗಳದು ಇನ್ನೊಂದು ಕಥೆ. ಅಲ್ಲಿ ಕಾಂಕ್ರೀಟ್ ಸ್ಲ್ಯಾಬ್ ಮೇಲೆ ಹಲವು ಕಡೆ ಒಂದಡಿ ಮಣ್ಣಷ್ಟೇ ಇರುತ್ತದೆ. ಮರಳು ಮಿಶ್ರಿತ ಕೆಮ್ಮಣ್ಣು ಒಂದಡಿಯಲ್ಲಿ ಹುಲ್ಲಿಗೆ ದಕ್ಕುವಂತೆ 36 ಮಿ.ಮೀ. ನೀರು ಹಿಡಿದುಕೊಂಡೀತು. ದಿನಕ್ಕೆ ನಾಲ್ಕು ಮಿ.ಮೀ. ಖರ್ಚಾದರೆ ಒಂಬತ್ತು ದಿನಕ್ಕೆ ಮುಗಿಯಿತು. ಪಕ್ಕದ ನೆಲದ ಮೇಲಿನ ಲಾನು ಇನ್ನೂ ಹಸಿರಾಗಿರುವಾಗ ಪೋಡಿಯಂ ಲಾನು ಮೊದಲು ಹಳದಿಯಾಗುವುದು ಮಾಲಿಯ ಅಲಕ್ಷ್ಯದಿಂದಲ್ಲ. ವಿಚಿತ್ರವೆಂದರೆ ಮಳೆಗಾಲದಲ್ಲಿ ಮೊದಲು ಕೊಳೆಯುವುದೂ ಅದೇ. ಸ್ಲ್ಯಾಬಿನ ಮೇಲೆ ಮಣ್ಣು ಮುಗಿಯುವ ಕಡೆ ನೀರು ಮುಂದೆ ಇಳಿಯದೆ ಒಂದು ಒದ್ದೆ ಪದರವಾಗಿ ನಿಲ್ಲುತ್ತದೆ. ಅಡಿಯಲ್ಲಿ ಜಲ್ಲಿ ಹಾಕಿದರೆ ನೀರು ಬಸಿಯುತ್ತದೆ ಎಂಬ ನಂಬಿಕೆ ಬಲವಾಗಿದೆ, ಕುಂಡಗಳಲ್ಲೂ ಹಾಗೇ ಮಾಡುತ್ತಾರೆ. ನುಣುಪು ಮಣ್ಣಿನ ಸಣ್ಣ ರಂಧ್ರಗಳು ಪೂರ್ತಿ ತುಂಬುವವರೆಗೆ ನೀರನ್ನು ಕೆಳಗಿನ ದೊಡ್ಡ ಸಂದುಗಳಿಗೆ ಬಿಟ್ಟುಕೊಡುವುದಿಲ್ಲ. ಜಲ್ಲಿಯ ಪದರ ಆ ಒದ್ದೆಯನ್ನು ಬೇರಿನ ಹತ್ತಿರಕ್ಕೆ ಮೇಲೇರಿಸುತ್ತದೆ, ಅಷ್ಟೆ. ಜಲ್ಲಿಯ ಬದಲು ಇನ್ನಷ್ಟು ಮಣ್ಣು ಹಾಕುವುದು, ಹೊರಹೋಗುವ ಪೈಪುಗಳನ್ನು ಮೇ ತಿಂಗಳಲ್ಲೇ ಕೀಳಿಸಿ ತೊಳೆಸುವುದು ಲೇಸು.

ಪೀಣ್ಯದವರಿಗೆ ಒಂದು ಪ್ರತ್ಯೇಕ ಮಾತು. ಲೋಹಕ್ಕೆ ಲೇಪನ ಮಾಡುವ ಘಟಕಗಳಿಂದಾಗಿ ಅಲ್ಲಿನ ಅಂತರ್ಜಲದಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ ಸೇರಿರುವುದು ಕೇಂದ್ರ ಅಂತರ್ಜಲ ಮಂಡಳಿಯ ದಾಖಲೆಗಳಲ್ಲೇ ಇದೆ. ಈ ರೂಪದ ಕ್ರೋಮಿಯಂ ನೀರಿನೊಂದಿಗೆ ಸರಾಗವಾಗಿ ಚಲಿಸುತ್ತದೆ. ಸಾವಯವ ವಸ್ತು ಹೇರಳವಾಗಿರುವ ಮಣ್ಣಿನಲ್ಲಿ ಅದು ಮೂರರ ವೇಲೆನ್ಸಿಗೆ ಇಳಿದು, ಜೇಡಿಗೆ ಅಂಟಿ, ಬಹುಮಟ್ಟಿಗೆ ಅಲ್ಲೇ ಉಳಿಯುತ್ತದೆ. ಕಾರ್ಖಾನೆಯ ಅಂಗಳದಲ್ಲಿ ಹೊಂಗೆ, ಬೇವು, ಮಹಾಗನಿ ಧಾರಾಳವಾಗಿ ಬೆಳೆಸಿ, ಗೊಬ್ಬರ ಹಾಕಿ. ಆದರೆ ಕ್ಯಾಂಟೀನಿಗೆ ಆಗುತ್ತದೆಂದು ಅದೇ ಕೊಳವೆಬಾವಿ ನೀರಿನಲ್ಲಿ ದಂಟು, ಪಾಲಕ್, ಕೊತ್ತಂಬರಿ ಬೆಳೆಯುವುದಾದರೆ, ನೀರನ್ನು ಪರೀಕ್ಷೆ ಮಾಡಿಸದೆ ಕೈಹಾಕಬೇಡಿ.

ಏಪ್ರಿಲ್ ಕೊನೆಗೆ ಗುಡುಗಿನೊಡನೆ ಬರುವ ಮಳೆಗಳಿಂದ ತೋಟದ ನಿಜವಾದ ವರ್ಷಾರಂಭ. ಮಣ್ಣು ಅಂಗೈಯಲ್ಲಿ ಉಂಡೆಯಾಗಿ, ಬೆರಳಿನಿಂದ ತಟ್ಟಿದರೆ ಒಡೆಯುವಷ್ಟು ಹದಕ್ಕೆ ಬಂದಾಗ ಲಾನನ್ನು ಮುಳ್ಳುಹಾರೆಯಿಂದ ಗೇಣಿಗೊಂದರಂತೆ ಚುಚ್ಚಿ, ಮೇಲೆ ಜರಡಿ ಹಿಡಿದ ಎರೆಗೊಬ್ಬರವನ್ನೂ ಮರಳನ್ನೂ ತೆಳುವಾಗಿ ಎಳೆಯಬೇಕು. ತುಂಗೆಗಡ್ಡೆ ಕೀಳಲೂ ಇದೇ ಸಮಯ. ಮೇಲಿನ ಎಲೆ ಕಿತ್ತರೆ ಕೆಳಗಿನ ಗಡ್ಡೆಗಳ ಸರಪಳಿ ಮತ್ತೆ ಚಿಗುರುತ್ತದೆ. ಮಣ್ಣು ಒದ್ದೆಯಿದ್ದಾಗ ಕುರ್ಚಿಗೆಯಿಂದ ಗಡ್ಡೆ ಸಮೇತ ಎತ್ತಿದರಷ್ಟೇ ಪ್ರಯೋಜನ.

ಅದೇ ಮೊದಲ ಮಳೆಗಳ ಸಂಜೆ, ಮಬ್ಬುಗತ್ತಲಾಗುತ್ತಿದ್ದಂತೆ ನೆಲದಿಂದ ಕಂದು ಬಣ್ಣದ ದುಂಬಿಗಳು ಏಳುತ್ತವೆ. ಬೀದಿದೀಪಕ್ಕೆ, ಬಾಲ್ಕನಿಯ ಬಲ್ಬಿಗೆ ಬಂದು ಬಡಿದು ಬೀಳುತ್ತವಲ್ಲ, ಅವೇ. ಬೇವಿನ ಮರದಂಥವುಗಳ ಎಲೆ ತಿಂದು, ಜೊತೆಗೂಡಿ, ಬೆಳಗಾಗುವ ಮೊದಲೇ ಮಣ್ಣಿಗೆ ಮರಳಿ ಮೊಟ್ಟೆ ಇಡುತ್ತವೆ. ಅವುಗಳ ಮರಿಯೇ ಗೊಣ್ಣೆಹುಳು: ಬೆಳ್ಳಗೆ, ದಪ್ಪಗೆ, ಅರ್ಧಚಂದ್ರಾಕಾರವಾಗಿ ಮಡಚಿಕೊಂಡು ಬೇರು ತಿನ್ನುತ್ತ ಅಕ್ಟೋಬರ್‌ವರೆಗೆ ಮಣ್ಣಲ್ಲಿರುತ್ತದೆ. ರಾಗಿ ಹೊಲದಲ್ಲಿ ಕೊಯ್ಲಾದ ಮೇಲೆ ಮಾಗಿ ಉಳುಮೆ ಮಾಡಿದರೆ ಇವು ಮೇಲೆ ಬಿದ್ದು ಹಕ್ಕಿಗಳ ಪಾಲಾಗುತ್ತಿದ್ದವು. ಲಾನನ್ನು ಯಾರೂ ಉಳುವುದಿಲ್ಲ. ಹೀಗಾಗಿ ಅವಕ್ಕೆ ಇದು ಹೊಲಕ್ಕಿಂತ ಸುರಕ್ಷಿತ ಮನೆ.

ಆಗಸ್ಟ್‌ನಲ್ಲಿ ಮಳೆಯಿದ್ದರೂ ಹುಲ್ಲು ತೇಪೆ ತೇಪೆಯಾಗಿ ಒಣಗುತ್ತಿದ್ದರೆ, ಗೊರವಂಕ, ಕಾಗೆಗಳು ಅಲ್ಲೇ ಕೆದಕುತ್ತಿದ್ದರೆ, ಒಂದಡಿ ಚೌಕವನ್ನು ಮೂರು ಕಡೆ ಗುದ್ದಲಿಯಿಂದ ಕೊಯ್ದು ನಾಲ್ಕನೇ ಕಡೆಗೆ ಮಗುಚಿ ನೋಡಿ. ಬೇರು ಕಳೆದುಕೊಂಡ ಹುಲ್ಲು ಸುತ್ತಿಟ್ಟ ಚಾಪೆ ಬಿಚ್ಚಿದಂತೆ ಸಲೀಸಾಗಿ ಮೇಲೇಳುತ್ತದೆ. ಐದಕ್ಕಿಂತ ಹೆಚ್ಚು ಹುಳು ಕಂಡರೆ ಉಪಚಾರ ಬೇಕು. ಮೆಟರೈಜಿಯಂ ಎಂಬ ಶಿಲೀಂಧ್ರವನ್ನು ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ, ಒಂದೆರಡು ವಾರ ನೆರಳಲ್ಲಿ ಒದ್ದೆಯಾಗಿಟ್ಟು, ಜೂನ್ ಜುಲೈನಲ್ಲಿ ಹುಳು ಚಿಕ್ಕದಿರುವಾಗಲೇ ಹರಡಿದರೆ ಒಳ್ಳೆಯ ಫಲವಿದೆ. ಶಿಲೀಂಧ್ರ ಹುಳುವಿನ ಚರ್ಮ ಕೊರೆದು ಒಳಹೊಕ್ಕು ಅದನ್ನು ಕೊಲ್ಲುತ್ತದೆ; ಅದಕ್ಕೆ ಬೇಕಾದ್ದು ತೇವ, ಸಲ್ಲದ್ದು ಬಿಸಿಲು. ಮೇ ತಿಂಗಳ ಸಂಜೆಗಳಲ್ಲಿ ಎರಡು ವಾರ ತೋಟದ ಅಲಂಕಾರದ ದೀಪಗಳನ್ನು ಆರಿಸಿಟ್ಟರೂ ಅಕ್ಕಪಕ್ಕದ ದುಂಬಿಗಳನ್ನು ನಾವಾಗಿ ಕರೆಯುವುದು ತಪ್ಪುತ್ತದೆ.

ಜೂನ್‌ನಿಂದ ಆಗಸ್ಟ್‌ವರೆಗಿನ ಜಿನುಗು ಮಳೆ ಗಿಡ ನೆಡಲು ಹೇಳಿ ಮಾಡಿಸಿದ್ದು. ಇದೇ ದಿನಗಳಲ್ಲಿ ಆಫ್ರಿಕಾದ ದೈತ್ಯ ಬಸವನಹುಳು ಗೋಡೆ ಹತ್ತುತ್ತದೆ. 1847ರಲ್ಲಿ ಕೋಲ್ಕತ್ತದ ತೋಟವೊಂದಕ್ಕೆ ತಂದು ಬಿಟ್ಟದ್ದು, ಇಂದು ನಮ್ಮ ಕಾಂಪೌಂಡಿನ ಸುಣ್ಣವನ್ನು ಕೆರೆದು ತಿನ್ನುತ್ತಿದೆ. ಚಿಪ್ಪು ಕಟ್ಟಲು ಅದಕ್ಕೆ ಕ್ಯಾಲ್ಸಿಯಂ ಬೇಕು. ಒದ್ದೆ ಗೋಣಿಚೀಲದ ಕೆಳಗೆ ಪರಂಗಿ ಎಲೆ, ಎಲೆಕೋಸಿನ ಸಿಪ್ಪೆ ಇಟ್ಟರೆ ಬೆಳಗಿನ ಹೊತ್ತಿಗೆ ಅಲ್ಲಿ ಸೇರಿರುತ್ತವೆ. ಬರಿಗೈಯಲ್ಲಿ ಮುಟ್ಟಬೇಡಿ, ಮನುಷ್ಯರ ಮಿದುಳಿಗೆ ತೊಂದರೆ ಕೊಡುವ ಪರೋಪಜೀವಿ ಅದರ ಲೋಳೆಯಲ್ಲಿ ಇರಬಹುದು. ಉಪ್ಪುನೀರಿನ ಬಕೆಟ್ಟಿಗೆ ಹಾಕಿ ಕೊಲ್ಲಬಹುದು, ಆದರೆ ಆ ನೀರು ಗಿಡದ ಬುಡಕ್ಕೆ ಹೋಗಕೂಡದು.

ಸೆಪ್ಟೆಂಬರ್, ಅಕ್ಟೋಬರ್‌ನ ಜಡಿಮಳೆಯಲ್ಲಿ ಲಾನಿನಿಂದ ದೂರವಿರುವುದೇ ಉತ್ತಮ ಆರೈಕೆ. 2022ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆಯ ಬಡಾವಣೆಗಳಲ್ಲಿ ಟ್ರಾಕ್ಟರು, ದೋಣಿಗಳಲ್ಲಿ ಜನರನ್ನು ಸಾಗಿಸಿದ್ದು ನೆನಪಿರಬಹುದು. ಅಷ್ಟು ಆಗದಿದ್ದರೂ, ನೀರು ತುಂಬಿದ ಮಣ್ಣಿನಲ್ಲಿ ಬೇರು ಉಸಿರುಗಟ್ಟುತ್ತದೆ: ಆಮ್ಲಜನಕ ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಹತ್ತು ಸಾವಿರ ಪಟ್ಟು ನಿಧಾನ. ಆ ಸ್ಥಿತಿಯಲ್ಲಿ ಕಟಾವು ಯಂತ್ರ ಓಡಿಸಿದರೆ ಉಳಿದ ರಂಧ್ರಗಳೂ ಮುಚ್ಚುತ್ತವೆ. ಈ ತಿಂಗಳುಗಳಲ್ಲಿ ಹಾಕಿದ ಯೂರಿಯಾ ಹುಲ್ಲಿಗಿಂತ ಹೆಚ್ಚಾಗಿ ರಾಜಕಾಲುವೆಗೆ, ಅಲ್ಲಿಂದ ಬೆಳ್ಳಂದೂರು, ವರ್ತೂರು ಕೆರೆಗಳ ಜಲಕಳೆಗೆ ಗೊಬ್ಬರವಾಗುತ್ತದೆ. ನೊರೆಯಿಂದ, ಬೆಂಕಿಯಿಂದ ಜಗತ್ತಿಗೆಲ್ಲ ಸುದ್ದಿಯಾದ ಆ ಕೆರೆಗಳಿಗೆ ನಮ್ಮ ತೋಟದ ಪಾಲೂ ಸೇರುವುದು ಬೇಡ. ಗೊಬ್ಬರಕ್ಕೆ ಜೂನ್‌ನ ಜಿನುಗು ಮಳೆ ಒಂದು ಹೊತ್ತು, ಮಳೆ ಹಿಂದೆಗೆದ ನವೆಂಬರ್ ಮೊದಲ ವಾರ ಇನ್ನೊಂದು. ವರ್ಷಕ್ಕೆ ಎರಡೇ.

ಆಮೇಲಿನದು ಹೂವಿನ ಕಾಲ. ಅಕ್ಟೋಬರ್‌ನಲ್ಲಿ ಒಟ್ಟಲುಪಾತಿಗೆ ಬಿತ್ತಿದ ಪೆಟೂನಿಯ, ಸಾಲ್ವಿಯಾ, ಚೆಂಡುಹೂ ಜನವರಿಗೆ ಅರಳುತ್ತವೆ, ಲಾಲ್‌ಬಾಗಿನ ಗಣರಾಜ್ಯೋತ್ಸವದ ಪ್ರದರ್ಶನದ ಹೊತ್ತಿಗೆ ಸರಿಯಾಗಿ. ಸೇವಂತಿಗೆ ಮೊಗ್ಗು ಕಟ್ಟಲು ದೀರ್ಘವಾದ, ಅಡೆತಡೆಯಿಲ್ಲದ ಕತ್ತಲು ಬೇಕು. ಎಲೆಕ್ಟ್ರಾನಿಕ್ ಸಿಟಿಯ ಕ್ಯಾಂಪಸ್ಸುಗಳಲ್ಲಿ ಇಡೀ ರಾತ್ರಿ ಉರಿಯುವ ದೀಪದ ಕಂಬದ ಬುಡದಲ್ಲಿ ಸೇವಂತಿಗೆ ಎಲೆಯನ್ನಷ್ಟೇ ಬೆಳೆಸುತ್ತಿದ್ದರೆ ಗೊಬ್ಬರದ ತಪ್ಪಲ್ಲ, ಕುಂಡವನ್ನು ಕತ್ತಲಿನ ಕಡೆಗೆ ಸರಿಸಿ.

ಮರದ ನೆರಳಿನಲ್ಲಿ ಲಾನ್ ಬೆಳೆಸುವ ಹಟವನ್ನು ಬಿಡಬೇಕು. ಸಿ-4 ಹುಲ್ಲಿಗೆ ಬಿಸಿಲೇ ಬಂಡವಾಳ. ಮಳೆಮರದ ಕೆಳಗೆ ವರ್ಷಕ್ಕೊಮ್ಮೆ ಹೊಸ ಹುಲ್ಲು ಹಾಸುವುದು ದುಡ್ಡು ಸುರಿದಂತೆ. ಅಂಥಲ್ಲಿ ತೇವ ಇರುವೆಡೆ ಒಂದೆಲಗ ಹಬ್ಬಿಸಿ. ಎಸ್‌ಟಿಪಿ ನೀರು ಬಿಡುವ ಕಡೆಯದನ್ನು ಮಾತ್ರ ತಂಬುಳಿಗೆ ಕಿತ್ತು ತರಬೇಡಿ. ಹಳದಿ ಹೂವಿನ ವೆಡೇಲಿಯಾವನ್ನು ಸುಲಭವೆಂದು ಎಲ್ಲೆಡೆ ನೆಡುತ್ತಿದ್ದಾರೆ. ಅದು ಕೆರೆಯಂಚಿಗೂ ಹಬ್ಬಿ ಬೇರೆಲ್ಲವನ್ನೂ ನುಂಗುವ ಆಕ್ರಮಣಕಾರಿ ಸಸ್ಯ, ನಾನಂತೂ ನೆಡುವುದಿಲ್ಲ. 1908ರಲ್ಲಿ ಬೆಂಗಳೂರಿಗೆ ಬಂದ ಜರ್ಮನ್ ತೋಟಗಾರಿಕಾ ತಜ್ಞ ಕ್ರುಂಬಿಗಲ್ ವರ್ಷದ ಪ್ರತಿ ತಿಂಗಳೂ ಯಾವುದಾದರೊಂದು ಮರ ಹೂವಿನಲ್ಲಿರುವಂತೆ ಊರಿನ ಬೀದಿಗಳಿಗೆ ಮರಗಳನ್ನು ಆರಿಸಿದರು. ಬೇರೂರಿದ ಮೇಲೆ ಆ ಮರಗಳಿಗೆ ಯಾರೂ ಪೈಪ್ ಹಿಡಿಯಬೇಕಾಗಿಲ್ಲ. ಹೊಸ ಬಡಾವಣೆಗಳಲ್ಲಿ ಲಾನಿನ ಅರ್ಧವನ್ನಾದರೂ ಹೊಂಗೆ, ಬೇವು, ಹೊಳೆದಾಸವಾಳಗಳಿಗೆ ಬಿಟ್ಟುಕೊಡಬೇಕೆಂಬುದು ನನ್ನ ಬಲವಾದ ಅಭಿಪ್ರಾಯ.

ಹೊಂಗೆ ಎಲೆ ಉದುರಿಸುವುದು ಫೆಬ್ರುವರಿ, ಮಾರ್ಚ್‌ನಲ್ಲಿ. ಮಣ್ಣಿಗೆ ಹೊದಿಕೆ ಅತಿ ಹೆಚ್ಚು ಬೇಕಾದ ಹೊತ್ತೂ ಅದೇ. ಮೂರು ಇಂಚು ಒಣಗಿದ ಎಲೆ ಹೊದಿಸಿದ ಪಾತಿಯಲ್ಲಿ ಬಿಸಿಲು ನೇರ ನೆಲಕ್ಕೆ ತಾಗದು, ಆವಿಯಾಗುವ ನೀರು ಬಹಳ ಕಡಿಮೆಯಾಗುತ್ತದೆ, ಮುಂಗಾರಿನ ಹೊತ್ತಿಗೆ ಕೆಳಪದರ ಗೊಬ್ಬರವಾಗಿರುತ್ತದೆ. ಅದನ್ನು ಗುಡಿಸಿ ಬೆಂಕಿ ಹಚ್ಚುವುದು ಘನತ್ಯಾಜ್ಯ ನಿಯಮಗಳ ಪ್ರಕಾರ ನಿಷಿದ್ಧ. ಆದರೂ ಈ ಸೀಮೆಯಲ್ಲಿ ಬೇಸಿಗೆಯ ಬೆಳಗುಗಳಲ್ಲಿ ಎಲೆ ಸುಟ್ಟ ಹೊಗೆಯ ವಾಸನೆ ತಪ್ಪಿಲ್ಲ.

ಇನ್ನು ಒಪ್ಪಂದದ ವಿಷಯ. ಬಹುಪಾಲು ವಾರ್ಷಿಕ ನಿರ್ವಹಣೆಯ ಕರಾರುಗಳಲ್ಲಿ ಹನ್ನೆರಡು ತಿಂಗಳಿಗೂ ಒಂದೇ ಪಟ್ಟಿ ಬರೆದಿರುತ್ತಾರೆ: ದಿನವೂ ನೀರು, ವಾರಕ್ಕೊಮ್ಮೆ ಕಟಾವು, ತಿಂಗಳಿಗೊಮ್ಮೆ ಗೊಬ್ಬರ ಮತ್ತು ಔಷಧಿ. ಹಾಗೆ ಬರೆದಿದ್ದರೆ ಮಾಲಿ ಹಾಗೇ ಮಾಡಬೇಕಾಗುತ್ತದೆ, ತಪ್ಪು ಅವನದಲ್ಲ. ಮುಂದಿನ ಸಲ ತಿಂಗಳುವಾರು ಬರೆಸಿ, ತೋಟದ ನೀರಿಗೆ ಪ್ರತ್ಯೇಕ ಮೀಟರ್ ಹಾಕಿಸಿ, ತಿಂಗಳ ಓದನ್ನು ಸಂಘದ ಸಭೆಯಲ್ಲಿಡಿ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಕಟಾವು ಇಲ್ಲವೆಂದು ಮಾಲಿಯ ಸಂಬಳ ಕಡಿಯಬೇಡಿ. ಎಲೆ ಹೊದಿಸುವುದು, ಗೊಬ್ಬರದ ಗುಂಡಿ ತಿರುವುವುದು, ಕಟಾವು ಯಂತ್ರದ ಬ್ಲೇಡ್ ಸಾಣೆ ಹಿಡಿಸುವುದು, ಡ್ರಿಪ್ ಪೈಪುಗಳ ಕಟ್ಟಿಕೊಂಡ ಬಾಯಿ ಬಿಡಿಸುವುದು, ಮಳೆನೀರಿನ ಇಂಗುಗುಂಡಿಯ ಹೂಳು ತೆಗೆಯುವುದು, ಎಲ್ಲವೂ ಭರಣಿ ಮಳೆಗೆ ಮುಂಚೆ ಮುಗಿಯಬೇಕಾದ ಕೆಲಸಗಳು, ಒಬ್ಬರ ಕೈಗೆ ಮೂರು ತಿಂಗಳು ಸಾಲುವುದೂ ಕಷ್ಟ.